ಅಕ್ಕನ ಮನೆ ಮುಂದೆ ನಿಲ್ಲದ ಕಾರು

ಕಳೆದ ತಿಂಗಳು ನಾನು ಮತ್ತು ನಮ್ಮವರು ಸೇರಿ ಒಂದು ಅಪರಾಧ ಮಾಡಿದೆವು. ಹಿಟ್ನಾಳದಲ್ಲಿರುವ ಅವರ ಅಕ್ಕನ ಮನೆ ಮುಂದೆಯೇ ಕಾರಿನಲ್ಲಿ ಹೋದೆವು. ನಿಲ್ಲಲಿಲ್ಲ.

ಇದರಲ್ಲಿ ಅಪರಾಧ ಏನು ಬಂತು ಎಂದು ಕೇಳುವವರಿದ್ದರೆ ನೀವು ಕೊಪ್ಪಳ ಸೀಮೆಯವರಲ್ಲ ಬಿಡಿ. ನಮ್ಮ ಕಡೆ ಬಳಗದವರ ಊರ ಮೇಲೆ ಹಾದುಹೋಗುವವರು ಅವರ ಮನೆಗೆ ಹೋಗಲೇಬೇಕು. ಹೋಗದಿದ್ದರೆ ಆ ಸುದ್ದಿ ಮುಂದಿನ ಮದುವೆ, ಕುಬಸ, ತೊಟ್ಟಿಲು ಎಲ್ಲದರಲ್ಲೂ ಊಟಕ್ಕೆ ಕೂತಾಗ ಬಡಿಸಲ್ಪಡುತ್ತದೆ. 'ಊರ ಮುಂದ ಹಾದು ಹೋದ್ರಂತ, ನಮ್ಮ ಹೊಸ್ತಲಾ ತುಳೀಲಿಲ್ಲಂತ!' ಉಪ್ಪಿನಕಾಯಿ ಜೊತೆಗೆ ಇದೂ ಎಲೆಯಲ್ಲಿರುತ್ತದೆ.

ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಹೋದ ವರ್ಷ ರಿಟೈರ್ ಆದರು. ಶಾಲು, ಹಾರ, ಗೋಡೆ ಗಡಿಯಾರ ಹಿಡಿದು ಮನೆಗೆ ಬಂದ ದಿನವೇ ಘೋಷಿಸಿದರು: "ನಾವಿಬ್ಬರೂ ಕಾರಿನ್ಯಾಗ ಕಾಶ್ಮೀರಕ್ಕ ಹೋಗೂಣು. ಇಲ್ಲಿಂದ ಅಲ್ಲಿತನಕ ರೋಡಿನ ಮ್ಯಾಲೆ!"

ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಡ್ರೈವಿಂಗ್ ಕ್ಲಾಸಿಗೆ ಸೇರಿ ಕಾರು ಕಲಿತೆ. (ನಾನು ಓಡಿಸುವಾಗ ನಮ್ಮವರು ಪಕ್ಕದ ಸೀಟಿನಲ್ಲಿ ಕೂತು ತಾವೂ ಬ್ರೇಕ್ ಒತ್ತುತ್ತಾರೆ. ಅಲ್ಲಿ ಬ್ರೇಕ್ ಇಲ್ಲ ಎಂದು ಅವರ ಕಾಲಿಗೆ ಇನ್ನೂ ಗೊತ್ತಾಗಿಲ್ಲ.) ಅಷ್ಟು ದೂರ ಒಮ್ಮೆಲೇ ಬೇಡ, ಮೊದಲು ಹತ್ತಿರದ ಊರುಗಳಿಗೆ ಹೋಗಿ ಪ್ರಾಕ್ಟೀಸ್ ಮಾಡೋಣ ಎಂದು ಇಬ್ಬರೂ ಒಪ್ಪಿದೆವು. ಬೆಳಗ್ಗೆ ಹೋಗುವುದು, ಸಂಜೆ ಬರುವುದು.

ಹೊರಟದ್ದು ವಸಂತದಲ್ಲಿ. ವಸಂತ ಎಂದರೆ ಕವಿಗಳಿಗೆ ಕೋಗಿಲೆ. ಕೊಪ್ಪಳದವರಿಗೆ ಬಿಸಿಲೇರುವ ಮೊದಲು ಮುಗಿಸಬೇಕಾದ ಕೆಲಸ. ಆದರೂ ಆ ದಿನಗಳ ಮುಂಜಾನೆ ಚೆಂದ ಇರುತ್ತದೆ. ರಸ್ತೆಯ ಎರಡೂ ಬದಿಗೆ ಬೇವು ಹೂ ಬಿಟ್ಟು, ಕಾರಿನ ಗಾಜು ಇಳಿಸಿದರೆ ಒಂಥರಾ ಕಹಿ-ಸಿಹಿ ವಾಸನೆ ಒಳಗೆ ಬರುತ್ತದೆ.

ಮೊದಲ ಟ್ರಿಪ್ ಇಟಗಿಗೆ. ಅಲ್ಲಿನ ಮಹಾದೇವ ಗುಡಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಪಕ್ಕದಲ್ಲೇ ಇರುವ ನಾವು ನೋಡಿರಲಿಲ್ಲ. ಆ ದಿನವೂ ನೋಡಲಿಲ್ಲ. ದಾರಿಯಲ್ಲಿ ಕುಕನೂರು ಬಂತು, ಕುಕನೂರಿನಲ್ಲಿ ನಮ್ಮವರ ಸೋದರಮಾವನ ಮನೆ ಬಂತು. "ಬರೇ ಚಹಾ ಕುಡದು ಹೋಗ್ರಿ" ಎಂದರು. ಚಹಾದ ಜೊತೆ ಮಂಡಕ್ಕಿ ಬಂತು, ಮಂಡಕ್ಕಿಯ ಜೊತೆ ಮಿರ್ಚಿ. ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಊಟ ಮಾಡಿದ ಮೇಲೆ "ಬಿಸಲಾಗ ಎಲ್ಲಿ ಹೊಕ್ಕೀರಿ, ಸ್ವಲ್ಪ ಅಡ್ಡಾಗ್ರಿ" ಎಂದು ದಿಂಬು ಕೊಟ್ಟರು. ಎದ್ದಾಗ ಸಂಜೆ. ಹುಣಸೆಹಣ್ಣಿನ ಗಂಟು ಡಿಕ್ಕಿಯಲ್ಲಿಟ್ಟುಕೊಂಡು ಮನೆಗೆ ಬಂದೆವು.

ಎರಡನೇ ಟ್ರಿಪ್ ಕುಷ್ಟಗಿ ಕಡೆ. ಅಲ್ಲಿ ನನ್ನ ಚಿಕ್ಕಮ್ಮ. ಕಥೆ ಅದೇ, ದಿಂಬು ಬೇರೆ. ಮೂರನೆಯದು ಕನಕಗಿರಿಗೆಂದು ಹೊರಟದ್ದು ಗಂಗಾವತಿಯಲ್ಲಿ ಮುಗಿಯಿತು. ಅಲ್ಲಿ ನಮ್ಮವರ ಹಳೇ ಸಹೋದ್ಯೋಗಿ ಇದ್ದಾರೆ, ಭತ್ತದ ಗದ್ದೆಯವರು. "ಕನಕಗಿರಿತನಕ ಹೋಗಿ ಬರ್ತೀವಿ, ಮಧ್ಯಾಹ್ನ ಊಟಕ್ಕ ಬರ್ತೀವಿ" ಎಂದು ನಮ್ಮವರು ಎಷ್ಟು ಕೈಮುಗಿದರೂ ಆ ಮನುಷ್ಯ ಕಾರಿನ ಕೀಲಿಯನ್ನೇ ಕಿತ್ತು ಜೇಬಿಗಿಟ್ಟುಕೊಂಡರು. ಪ್ರೀತಿ ಎಂದರೆ ಹೀಗೂ ಇರುತ್ತದೆ ನೋಡಿ, ಜಪ್ತಿಯ ಹಾಗೆ.

ಆ ರಾತ್ರಿ ಮೊಬೈಲಿನಲ್ಲಿ ನಕ್ಷೆ ತೆಗೆದು ಕಾಶ್ಮೀರದ ದಾರಿ ನೋಡಿದೆವು. ಕುಷ್ಟಗಿಯಲ್ಲಿ ಚಿಕ್ಕಮ್ಮ. ಇಳಕಲ್ಲಿನಲ್ಲಿ ನಮ್ಮವರ ಷಡ್ಡಕ. ವಿಜಯಪುರದಲ್ಲಿ ಬೀಗರು. ಸೊಲ್ಲಾಪುರದಲ್ಲಿ ಯಾರೋ ಒಬ್ಬರು ಇರಲೇಬೇಕು, ನೆನಪಾಗುತ್ತಿಲ್ಲ. ಅದನ್ನು ದಾಟಿದರೆ ಬಳಗದವರು ಎನ್ನುವವರು ಯಾರೂ ಇಲ್ಲ, ಅಲ್ಲಿಂದ ಬಿಟ್ಟ ಕಾರು ಶ್ರೀನಗರದಲ್ಲೇ ನಿಲ್ಲಬಹುದು. ಆದರೆ ಸೊಲ್ಲಾಪುರ ದಾಟುವುದು ಹೇಗೆ?

ನನಗೆ ಅಳು ಬಂತು. ನಗಬೇಡಿ, ನಿಜವಾಗಿ ಬಂತು. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಎಲ್ಲರ ಮನೆಯಲ್ಲೂ ಉಂಡಿದ್ದೇವೆ. ಆದರೆ ನಾವಿಬ್ಬರೇ ಒಂದು ಗಿಡದ ನೆರಳಿನಲ್ಲಿ ಕೂತು, ನಾನು ಕಟ್ಟಿದ ಬುತ್ತಿ ಬಿಚ್ಚಿ, ಯಾರೂ "ಇನ್ನೊಂದು ರೊಟ್ಟಿ" ಎನ್ನದ ಊಟ ಒಂದನ್ನೂ ಮಾಡಿಲ್ಲ. ಕಾಶ್ಮೀರ ಹಾಳಾಗಿ ಹೋಗಲಿ, ನನಗೆ ಆ ಒಂದು ದಿನ ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದೆ.

ನಮ್ಮವರು ಮೊಬೈಲಿನ ನಕ್ಷೆ ಮುಚ್ಚಿದರು. ಆಮೇಲೆ "ಈ ಐತವಾರ ಆನೆಗೊಂದಿ. ಎಲ್ಲೂ ನಿಲ್ಲಂಗಿಲ್ಲ" ಎಂದರು.

"ಹಿಟ್ನಾಳ?"

"ಅಲ್ಲೂ ನಿಲ್ಲಂಗಿಲ್ಲ" ಎಂದರು. ದನಿ ಮಾತ್ರ ಸ್ವಲ್ಪ ನಡುಗಿತು.

ನಡುಗದೆ ಇರುತ್ತದೆಯೇ? ಹಿಟ್ನಾಳದ ಅಕ್ಕ ಬರೀ ಅಕ್ಕ ಅಲ್ಲ. ಇವರು ಹೈಸ್ಕೂಲು ಓದಿದ್ದು ಅಕ್ಕನ ಮನೆಯಲ್ಲಿದ್ದುಕೊಂಡು. ಕಾರು ತಂದ ದಿನ ಮೊದಲು ಒಯ್ದದ್ದು ಅಲ್ಲಿಗೇ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಅಕ್ಕ, ಆರತಿ ಬೆಳಗಿದವರು ಅಕ್ಕ. ಆ ಖುಷಿಯಲ್ಲಿ ಇವರು ಮರುದಿನವೇ ಕಾರಿನ ಹಿಂದಿನ ಗಾಜಿನ ತುಂಬ ಕೆಂಪಕ್ಷರದಲ್ಲಿ 'ಅಕ್ಕನ ಆಶೀರ್ವಾದ' ಎಂದು ಬರೆಸಿಕೊಂಡು ಬಂದಿದ್ದರು. (ಹೆಂಡತಿಯ ಆಶೀರ್ವಾದಕ್ಕೆ ಮಡ್‌ಗಾರ್ಡಿನಲ್ಲಾದರೂ ಜಾಗ ಸಿಗಬಹುದಿತ್ತು. ಇರಲಿ.)

ಆ ಭಾನುವಾರ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದೆ. ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎರಡು ಉಳ್ಳಾಗಡ್ಡಿ. ಹಿಟ್ನಾಳ ಹತ್ತಿರ ಬಂದಂತೆ ನಮ್ಮವರು ಗಾಜು ಏರಿಸಿದರು, ಟೊಪ್ಪಿಗೆ ಹಾಕಿಕೊಂಡರು, ಕಪ್ಪು ಕನ್ನಡಕ ಏರಿಸಿದರು. ನಾನು ಸೆರಗು ಹೊದ್ದು ಸೀಟಿನಲ್ಲಿ ಕೆಳಗೆ ಜಾರಿದೆ. ಅಕ್ಕನ ಮನೆ ರಸ್ತೆಗೇ ಮುಖ ಮಾಡಿದೆ. ಅಂಗಳದಲ್ಲಿ ರಂಗೋಲಿ ಕಂಡಿತು. ಯಾರೂ ಕಾಣಲಿಲ್ಲ. ದಾಟಿದೆವು!

ಊರು ಹಿಂದೆ ಬಿದ್ದ ಮೇಲೆ ಇಬ್ಬರೂ ಹುಚ್ಚರಂತೆ ನಕ್ಕೆವು. ಸಾಲಿ ತಪ್ಪಿಸಿ ಓಡಿ ಬಂದ ಮಕ್ಕಳ ಹಾಗೆ. ಅದರಲ್ಲೂ ವರ್ಷಗಟ್ಟಲೆ ಮಕ್ಕಳ ಹಾಜರಿ ಕರೆದ ಮಾಸ್ತರರು ನಗುವುದನ್ನು ನೀವು ನೋಡಬೇಕಿತ್ತು.

ಆನೆಗೊಂದಿಯಲ್ಲಿ ಬಂಡೆಗಳ ನಡುವೆ ಒಂದು ಹುಣಸೆಮರ ಸಿಕ್ಕಿತು. ದೂರದಲ್ಲಿ ಹೊಳೆ. ನಮ್ಮವರು ಉಳ್ಳಾಗಡ್ಡಿಯನ್ನು ಬಂಡೆಯ ಮೇಲಿಟ್ಟು ಗುದ್ದಿ ಒಡೆದರು. ಊಟ ಮಾಡಿದೆವು. ಯಾರೂ ಬಡಿಸಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ನಾನು ಬಹಳ ಸುಖವಾಗಿದ್ದೆ. ಇವರು ತಮ್ಮ ಕಾಲೇಜಿನ ದಿನಗಳ ಒಂದು ಕಥೆ ಹೇಳಿದರು, ಇಷ್ಟು ವರ್ಷ ನನಗೆ ಗೊತ್ತೇ ಇರದ ಕಥೆ. (ಏನೆಂದು ಕೇಳಬೇಡಿ, ಅದು ನಮ್ಮಿಬ್ಬರದು.)

ಎಲ್ಲ ಮುಗಿದ ಮೇಲೆ ಚಟ್ನಿ ಡಬ್ಬಿ ಮುಚ್ಚುತ್ತ ಇವರು ಮೆಲ್ಲಗೆ ಕೇಳಿದರು: "ಅಕ್ಕ ಇಷ್ಟೊತ್ತಿಗೆ ಉಂಡಿರ್ತಾಳಾ?"

ಸಂಜೆ ಬೇರೆ ದಾರಿ ಹಿಡಿದು ಮನೆಗೆ ಬಂದೆವು. ಪ್ರತಿದಿನ ರಾತ್ರಿ ಸೀರಿಯಲ್ಲಿನ ನಡುವೆ ಜಾಹೀರಾತು ಬಂದಾಗ ಅಕ್ಕನ ಫೋನು ಬರುತ್ತದೆ. ಅಂದು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಇವರು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳತೊಡಗಿದರು. ಫೋನು ತಾವೇ ಮಾಡಬಹುದಿತ್ತಲ್ಲ? ಮಾಡಲು ಧೈರ್ಯವಿಲ್ಲ. ಒಂದು ದಿನದ ಸುಖಕ್ಕೆ ಅಕ್ಕ-ತಮ್ಮನ ನಡುವೆ ಹುಳಿ ಹಿಂಡಿದವಳು ನಾನು ಎಂದು ನನ್ನನ್ನೇ ಬೈದುಕೊಂಡೆ. ಕಡೆಗೆ ಗುರುವಾರ ನಾನೇ ಕಾರು ತೆಗೆದೆ. "ಏಳ್ರಿ. ಬೈಸಿಕೊಂಡು ಬರೂಣು."

ಹಿಟ್ನಾಳದಲ್ಲಿ ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಏಳಲಿಲ್ಲ. ಒಳಗಿಂದ ನೀರು ತರಲಿಲ್ಲ. ನಮ್ಮವರು ಕಟ್ಟೆಯ ತುದಿಯಲ್ಲಿ ಕುಂಡಿ ಊರಿ, ಊರದ ಹಾಗೆ ಕೂತರು.

"ಐತವಾರ ಮುಂಜಾನಿ ಮಿರ್ಚಿ ಅಂಗಡ್ಯಾಂವ ಬಂದಿದ್ದ" ಎಂದರು ಅಕ್ಕ, ಶೇಂಗಾದ ಮೇಲಿನ ಕಣ್ಣು ಎತ್ತದೆ. "'ಅಕ್ಕಾರ, ನಿಮ್ಮ ಆಶೀರ್ವಾದ ಈಗ ಆನೆಗೊಂದಿ ಕಡೆ ಹೋತಲ್ರಿ, ಭಾಳ ಜೋರಿಲೆ ಹೋತು' ಅಂದ."

ಇಬ್ಬರೂ ಹೊರಳಿ ಕಾರಿನ ಹಿಂದಿನ ಗಾಜು ನೋಡಿದೆವು. ಆ ದಿನ ಟೊಪ್ಪಿಗೆ ಹಾಕಿಕೊಂಡಿದ್ದೆವು, ಕನ್ನಡಕ ಹಾಕಿಕೊಂಡಿದ್ದೆವು, ಸೆರಗು ಹೊದ್ದುಕೊಂಡಿದ್ದೆವು. ಹಿಂದಿನ ಗಾಜಿನ ಮೇಲೆ ಕೆಂಪಕ್ಷರದಲ್ಲಿ ಯಾರ ಮನೆಯವರೆಂದು ಬರೆದುಕೊಂಡಿದ್ದೇವೆ ಎಂಬುದೇ ಮರೆತಿತ್ತು! ಕಳ್ಳರು ತಮ್ಮ ಮನೆ ವಿಳಾಸ ಬೆನ್ನಿಗೆ ಅಂಟಿಸಿಕೊಂಡು ಕಳವಿಗೆ ಹೋಗುತ್ತಾರೆಯೇ?

"ತಪ್ಪಾತವ್ವಾ" ಎಂದರು ನಮ್ಮವರು.

ನಾನು ನಡುವೆ ಬಾಯಿ ಹಾಕಿದೆ. "ಅವರದಲ್ರಿ ಅಕ್ಕಾರ, ನಂದು. ನಾವಿಬ್ಬರ ಎಲ್ಲಿಗೂ ಹೋಗಿಲ್ಲ, ಒಂದ್ ದಿನ ಹೋಗೂಣು ಅಂತ ನಾನ ಹಟ ಹಿಡಿದೆ."

ಅಕ್ಕ ಈಗ ಕಣ್ಣೆತ್ತಿದರು. "ಹೆಂಗನಸ್ತು?"

"ಏನ್ರಿ?"

"ನಿಲ್ಲದಂಗ ಹಾದು ಹೋಗಾಕ ಹೆಂಗನಸ್ತು ಅಂತ ಕೇಳಾಕ ಹತ್ತೀನಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೊದ್ಲ ಭಾಳ ಅಂಜಿಕಿ ಆತ್ರಿ. ಆಮ್ಯಾಲೆ... ಭಾಳ ಛಲೋ ಅನಸ್ತು."

ಅಕ್ಕ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಮೊರದಲ್ಲಿದ್ದ ಸಿಪ್ಪೆಯೆಲ್ಲ ಚೆಲ್ಲಿತು. "ಸಿಟ್ಟು ಬಂದಿತ್ತು, ಸುಳ್ಳ ಯಾಕ ಹೇಳ್ಲಿ. ಎರಡ ದಿನ ಬಂದಿತ್ತು. ಮೂರನೇ ದಿನಕ್ಕ ವಿಚಾರ ಮಾಡಿದೆ. ನೀವು ಬರ್ತೀರಿ, ಗಂಗಾವತಿ ಬೀಗರು ಬರ್ತಾರ, ಯಾರರ ಬರ್ತಾರ ಅಂತ ಐತವಾರ ನಾನೂ ಮನಿ ಬಿಟ್ಟು ಕದಲಂಗಿಲ್ಲ. ನಮ್ಮ ಮನಿಯವರು ಇಟಗಿ ಗುಡಿ ತೋರಸ್ತೀನಿ ಅಂತ ಲಗ್ನಾದ ವರ್ಷ ಹೇಳ್ಯಾರ. ಕುಕನೂರ ದಾಟಾಕ ಆಗಿಲ್ಲ ಇನ್ನೂ!"

ಇಷ್ಟು ದಿನ ನಾನು ತಿಳಿದದ್ದು, ಈ ಪದ್ಧತಿಯಲ್ಲಿ ಸಿಕ್ಕಿಕೊಂಡವರು ದಾರಿಯಲ್ಲಿರುವವರು ಮಾತ್ರ ಎಂದು. ಮನೆಯಲ್ಲಿರುವವರು? ಅವರು ಹಿಟ್ಟು ನಾದಿಟ್ಟುಕೊಂಡು ಯಾರೋ ಬರುತ್ತಾರೆಂದು ಕಾಯುತ್ತಾರೆ. ನಾವು ಅವರಿಗೆ ಬೇಜಾರಾದೀತೆಂದು ನಿಲ್ಲುತ್ತೇವೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಯಾರೂ ಇಟಗಿ ನೋಡಿಲ್ಲ. ಹಾಗೆಂದು ಇದು ಕೆಟ್ಟ ಪದ್ಧತಿ ಎನ್ನಲೇ? ಕಾರು ಕೆಟ್ಟು ನಿಂತರೆ ಈ ಜಿಲ್ಲೆಯ ಯಾವ ಊರಲ್ಲೂ ನನಗೆ ಒಂದು ದಿಂಬು ಖಾತ್ರಿ. ಅದು ಸಣ್ಣ ಮಾತಲ್ಲ. ಆದರೆ ಪ್ರತಿ ಸಲವೂ ಮಲಗಲೇಬೇಕೇ ಎಂಬುದಷ್ಟೇ ನನ್ನ ತಕರಾರು.

ಅಂದು ಅಕ್ಕನ ಮನೆಯಲ್ಲೇ ಉಂಡೆವು. ಇವರು ಒಂದು ರೊಟ್ಟಿ ಹೆಚ್ಚೇ ಉಂಡರು. ಹೊರಡುವಾಗ ನಾನೇ ದೊಡ್ಡವಳಂತೆ ಉಪದೇಶ ಮಾಡಿದೆ. "ಅಕ್ಕಾರ, ನೀವೂ ಒಮ್ಮಿ ಹಾದು ಹೋಗ್ರಿ. ಯಾರಿಗೂ ಹೇಳಬ್ಯಾಡ್ರಿ, ಎಲ್ಲೂ ನಿಲ್ಲಬ್ಯಾಡ್ರಿ. ನಾವೇನ ಬೇಜಾರ ಮಾಡ್ಕೊಳ್ಳಂಗಿಲ್ಲ."

ಮೊನ್ನೆ ಭಾನುವಾರ ಬೆಳಗ್ಗೆ. ನಮ್ಮ ಮನೆ ಕೊಪ್ಪಳದ ಗದಗ ರಸ್ತೆಗೇ ಇದೆ. ಹಾಲು ತರಲು ಹೋದ ನಮ್ಮವರು ಓಡುತ್ತ ಬಂದರು. "ಏ, ಅಕ್ಕ-ಮಾಮಾ ಬೈಕಿನ ಮ್ಯಾಲೆ ಬರಾಕ ಹತ್ಯಾರ! ಸರ್ಕಲ್ಲಿನ್ಯಾಗ ನೋಡಿದೆ!"

ನಾನು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟೆ. ಪಕ್ಕದ ಬರ್ನರಿನಲ್ಲಿ ರವೆ ಹುರಿಯಲು ಹಾಕಿದೆ. ಹೊಸ ಚಾದರ ಹಾಸಿದೆ. ಇಬ್ಬರೂ ಬಾಗಿಲಿಗೆ ಬಂದು ನಿಂತೆವು. ಬೈಕು ಬಂತು. ಹಿಂದೆ ಕೂತ ಅಕ್ಕನ ತೊಡೆಯ ಮೇಲೆ ಬುತ್ತಿಯ ಗಂಟು, ತಲೆಯ ಮೇಲೆ ಸೆರಗು, ಕಣ್ಣಿಗೆ ಎಲ್ಲಿಂದ ತಂದರೋ ಒಂದು ಕಪ್ಪು ಕನ್ನಡಕ. ನಮ್ಮನ್ನು ನೋಡಿದರು. ನಕ್ಕರು. ಕೈಯನ್ನೂ ಬೀಸಿದರು. ಬೈಕು ನಿಲ್ಲಲಿಲ್ಲ. ಇಟಗಿ ಕಡೆ ಹೊರಟೇ ಹೋಯಿತು.

ನಮ್ಮವರು ಚಪ್ಪಾಳೆ ತಟ್ಟಿ ನಕ್ಕರು. ಒಳಗೆ ರವೆ ಸೀಯುವ ವಾಸನೆ ಬಂತು.

ಅಲ್ಲ, ನೀವೇ ಹೇಳಿ. ಒಂದೇ ಒಂದು ಕಪ್ ಚಹಾ ಕುಡಿದು ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು?