ಅಕ್ಕನ ಕನಕಾಂಬರ ಮತ್ತು ಸಂಘದ ಮಾರುಕಟ್ಟೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೂಡಿಯ ಆಚೆಗಿನ ಒಂದು ಕಾರ್ಖಾನೆಯ ನೌಕರರು ಸೇರಿ ಗೃಹ ನಿರ್ಮಾಣ ಸಂಘ ಕಟ್ಟಿಕೊಂಡಿದ್ದರು. ನಾನು ಅದೇ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದವನು. ಓದಿದ್ದು ಐದನೆಯ ಕ್ಲಾಸು. ಸುತ್ತಲಿನ ಊರುಗಳ ಜನ ಗೊತ್ತಿದ್ದಾರೆ, ನಾಲ್ಕು ಮಾತು ಆಡಬಲ್ಲ ಎಂದು ಸಂಘದವರು ನನ್ನನ್ನು ಫೀಲ್ಡ್ ಅಸಿಸ್ಟೆಂಟ್ ಮಾಡಿಕೊಂಡರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆಗೆಲ್ಲ ಬಡಾವಣೆ ಎಂದರೆ ಸೈಟು, ರಸ್ತೆ, ಒಂದು ಪಾರ್ಕು, ಅಷ್ಟೇ. ನಮ್ಮದು ಹಾಗಿರಲಿಲ್ಲ. ಮನೆಗಳ ಜೊತೆಗೆ ಮಾರುಕಟ್ಟೆ, ಶಾಲೆ, ಆಸ್ಪತ್ರೆಗೊಂದು ಜಾಗ, ಲೇತ್ ಯಂತ್ರ ಇಟ್ಟುಕೊಂಡು ಬದುಕುವವರಿಗೆ ಸಣ್ಣ ಸಣ್ಣ ಶೆಡ್ಡುಗಳು. ಪ್ಲಾನರ್ ರಾಮನಾಥ್ ಸಾರ್ ಇದಕ್ಕೆ ಮಿಕ್ಸೆಡ್ ಯೂಸ್ ಎನ್ನುತ್ತಿದ್ದರು. ಅರ್ಥವೇನು ಎಂದು ಕೇಳಿದ್ದಕ್ಕೆ, "ಮಲಗೋದೂ ದುಡಿಯೋದೂ ಒಂದೇ ಕಡೆ ನಂಜಪ್ಪ. ಮನುಷ್ಯನ ಆಯಸ್ಸು ಬಸ್ ಸ್ಟಾಪಲ್ಲಿ ಹೋಗಬಾರದು" ಅಂದಿದ್ದರು. ಇಂಥ ಕೆಲಸದಲ್ಲಿ ನನ್ನ ಕೈಯೂ ಇತ್ತು ಎನ್ನಲು ಇವತ್ತಿಗೂ ಹೆಮ್ಮೆಯಾಗುತ್ತದೆ.

ಈ ಬಡಾವಣೆಯ ನಡುವೆ ಒಂದು ಹಳೆಯ ಊರಿತ್ತು. ಊರೊಳಗಿನ ಮನೆಗಳು ಹಾಗೇ ಉಳಿಯಬೇಕು, ಸುತ್ತಲಿನ ಹೊಲಗಳಲ್ಲಿ ಹೊಸ ಮನೆಗಳು ಏಳಬೇಕು ಎಂಬುದು ಯೋಜನೆ. ಹೊಲಗಳ ಮಾತುಕತೆ ಮುಗಿದಿತ್ತು. ಊರಿಗೆ ಅಂಟಿಕೊಂಡಿದ್ದ ಹಿತ್ತಿಲು, ತೋಟಗಳದ್ದು ಬಾಕಿ. ನಕ್ಷೆಯನ್ನು ಊರವರ ಮುಂದೆ ಬಿಚ್ಚದೆ ಒಂದು ಕಲ್ಲೂ ನೆಡಬಾರದು ಎಂದು ರಾಮನಾಥ್ ಸಾರ್ ಹಟ ಹಿಡಿದಿದ್ದರು. ಹೀಗೆ ಅರಳಿಕಟ್ಟೆಯ ಮೇಲೆ ಸಭೆಗಳು ಶುರುವಾದವು. ಸಾರ್ ಮಾತು ಊರಿಗೆ, ಊರ ಮಾತು ಸಾರ್‌ಗೆ ಮುಟ್ಟಿಸುವುದು ನನ್ನ ಕೆಲಸ.

ಮೊದಲ ದಿನವೇ ಊರಿನ ಹಿರಿಯ ಮುನಿಶಾಮಣ್ಣ ನೀಲಿ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು:

"ನಮ್ ಎಮ್ಮೆಗೋಳು ಕೆರೆಗೆ ಯಾವ್ ಕಡೆಯಿಂದ ಓಗ್ತವೆ ಸಾಮಿ?"

"ಇಲ್ಲಿ ಬಳಸು ರಸ್ತೆ ಕೊಟ್ಟಿದ್ದೀವಲ್ಲ" ಅಂದರು ಸಾರ್.

"ಬಳಸ್ಕಂಡು ಓಗು ಅಂತ ಎಮ್ಮೆಗ್ ನೀವೇ ಒಂದ್ ಮಾತ್ ಏಳ್ಬಿಡಿ. ನಮ್ ಮಾತಂತೂ ಕೇಳಾಕಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವರು ಸಾರ್. ಮುಂದಿನ ಸಭೆಗೆ ಬಂದಾಗ ನಕ್ಷೆಯಲ್ಲಿ ಕೆರೆಯ ಓಣಿ ಹಳೆಯ ಜಾಗದಲ್ಲೇ ಇತ್ತು, ಎರಡು ಸೈಟು ಕಡಿಮೆಯಾಗಿದ್ದವು. ಹೊಸ ಮನೆಗಳ ಕೊಳಚೆ ಕೆರೆಗೆ ಬೀಳುತ್ತದೆ ಅಂದರು ಊರವರು. ಚರಂಡಿಯ ದಿಕ್ಕು ಬದಲಾಯಿತು. ಲೇತ್‌ಗಳ ಸದ್ದಿಗೆ ಹಸುಗೂಸು ಮಲಗುವುದಿಲ್ಲ ಅಂದರು. ಶೆಡ್ಡುಗಳು ಊರಿನಿಂದ ದೂರ, ದೊಡ್ಡ ರಸ್ತೆಯ ಮಗ್ಗುಲಿಗೆ ಹೋದವು. ಕಡ್ಡಿ ಮುರಿದಂತೆ ಮಾತಾಡುವ ಜನ, ಅವರ ಮಾತು ನಾವು ಒಪ್ಪಿಕೊಂಡರೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಇನ್ನು ನನ್ನ ಅಕ್ಕನ ವಿಷಯ.

ಪಿಳ್ಳಮ್ಮ ನನ್ನ ಒಡಹುಟ್ಟಿದ ಅಕ್ಕ. ನಮ್ಮವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಬೆಳೆಸಿದವಳು. ಅವಳನ್ನು ಕೊಟ್ಟಿದ್ದು ಇದೇ ಊರಿಗೆ. ಗಂಡ ಹೋದ ಮೇಲೆ, ಮಕ್ಕಳಿಲ್ಲದ ಅವಳು ಮನೆಯ ಹಿಂದಿನ ತುಂಡು ನೆಲದಲ್ಲಿ ಕನಕಾಂಬರ ಬೆಳೆದು ಬದುಕುತ್ತಿದ್ದಳು. ನಕ್ಷೆಯಲ್ಲಿ ಮಾರುಕಟ್ಟೆ ಕೂತಿದ್ದು ಸರಿಯಾಗಿ ಆ ತೋಟದ ಮೇಲೆ.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಹೆಂಗಸರು ಕಟ್ಟೆ ಹತ್ತಿ ಮಾತಾಡುವುದಿಲ್ಲ. ಗಂಡನಿಲ್ಲದವಳ ಪರವಾಗಿ ತವರಿನ ತಮ್ಮನೋ ಅಣ್ಣನೋ ಆಡಬೇಕು. ಅವನು ಕಟ್ಟೆಯಲ್ಲಿ ಕೂತಿರುವಾಗ ಬೇರೆಯವರು ಅವಳ ಮಾತು ಎತ್ತಿದರೆ ಅವನಿಗೆ ಅವಮಾನ. ಊರವರೆಲ್ಲರಿಗೂ ನಾನು ಪಿಳ್ಳಮ್ಮನ ತಮ್ಮ. ಕಟ್ಟೆಯಲ್ಲಿ ಕೂತವರಲ್ಲಿ ಅದು ಗೊತ್ತಿಲ್ಲದಿದ್ದವರು ರಾಮನಾಥ್ ಸಾರ್ ಒಬ್ಬರೇ.

ನಾನು ಅವರಿಗೆ ಹೇಳಿರಲಿಲ್ಲ. ಸಂಬಂಧಿಕರ ನೆಲ ಇರುವವರು ಈ ಕೆಲಸದಲ್ಲಿ ಇರಬಾರದು ಎಂದು ಸಂಘದ ಕಾರ್ಯದರ್ಶಿ ಮೊದಲೇ ಎಚ್ಚರಿಸಿದ್ದರು. ಆಫೀಸಿನಲ್ಲಿ ಆಗಲೇ, "ಏನ್ ಗುರು, ಎಮ್ಮೆಗೂ ರೋಡ್ ಕೊಡ್ಸಿದ್ಯಂತೆ, ನಿಂಗೇನ್ ಕೊಡ್ತಾವೆ, ಹಾಲಾ?" ಎಂದು ಕಿಚಾಯಿಸುತ್ತಿದ್ದರು. ಅಕ್ಕನ ಹೆಸರೆತ್ತಿದರೆ ಕಾಯಂ ಆಗುವ ಕೆಲಸ ಕೈತಪ್ಪುತ್ತದೆ ಎಂಬ ಭಯ. ಆ ಭಯಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡೆ.

ಸಭೆಯ ಹಿಂದಿನ ದಿನ ಅಕ್ಕ ಅಂದಿದ್ದು ಇಷ್ಟೇ: "ಮಾರ್ಕೆಟ್ ಬ್ಯಾಡ ಅನ್ನಾಕಿಲ್ಲ ಕಣ್ಲಾ. ಒಸಿ ಆ ಕಡೆ ಸರುಸ್ಕಳಿ ಅಂತ ಏಳು."

ಕೊನೆಯ ಸಭೆಯಲ್ಲಿ ಸಾರ್ ತೋಟದ ಗುರುತಿನ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು, "ಇದು ಯಾರದು ನಂಜಪ್ಪ? ಯಾರೂ ಏನೂ ಹೇಳ್ತಿಲ್ಲವಲ್ಲ."

ಕಟ್ಟೆಯೆಲ್ಲ ನನ್ನ ಕಡೆ ತಿರುಗಿತು. ಕೆಳಗೆ, ಹೆಂಗಸರ ಗುಂಪಿನಲ್ಲಿ ಅಕ್ಕ ನಿಂತಿದ್ದಳು.

"ಯಾರೋ ಒಬ್ಬ ಅಮ್ಮಂದು ಸಾರ್" ಅಂದೆ.

ಮುನಿಶಾಮಣ್ಣ ತಲೆ ತಗ್ಗಿಸಿದರು. ಒಡಹುಟ್ಟಿದವನೇ ಹೀಗಂದ ಮೇಲೆ ಯಾರು ಬಾಯಿ ಬಿಡುತ್ತಾರೆ? ತಕರಾರಿಲ್ಲ ಎಂದುಕೊಂಡು ಸಾರ್ ನಕ್ಷೆ ಮಡಿಸಿದರು. ಅಕ್ಕ ಸೆರಗು ಸರಿಮಾಡಿಕೊಂಡು ಮನೆ ಕಡೆ ನಡೆದಳು.

ತೋಟ ಹೋಯಿತು. ಊರವರಿಗೆಲ್ಲ ಸಿಕ್ಕ ಹಾಗೆ ಅವಳಿಗೂ ಪರಿಹಾರ ಸಿಕ್ಕಿತು. ನನ್ನ ಕೆಲಸವೂ ಕಾಯಂ ಆಯಿತು. ಮಾರುಕಟ್ಟೆ ತೆರೆದಾಗ, ನೆಲ ಬಿಟ್ಟುಕೊಟ್ಟವರಿಗೆ ಮಳಿಗೆ ಎಂದು ಸಂಘ ತೀರ್ಮಾನಿಸಿತು. ಮುಖ ಎತ್ತಿಕೊಂಡು ಅಕ್ಕನ ಮನೆಗೆ ಹೋಗಲು ನನಗೊಂದು ನೆಪ ಸಿಕ್ಕಿತು.

"ಹೂವಿನಂಗಡಿ ಮಾಡ್ಕೋ ಅಕ್ಕ" ಅಂದೆ.

"ಬೆಳೆಯಾದ್ ಗೊತ್ತು. ಮಾರಾದ್ ನಂಗ್ ಗೊತ್ತಿಲ್ಲ ಕಣಪ್ಪ ಮೂಗಪ್ಪ" ಅಂದಳು. ಅವತ್ತಿನಿಂದ ನಾನು ಅವಳ ಬಾಯಲ್ಲಿ ಮೂಗಪ್ಪನಾದೆ. ನಗುತ್ತಲೇ ಕರೆಯುತ್ತಿದ್ದಳು. ಅದಕ್ಕೇ ಹೆಚ್ಚು ನಾಟುತ್ತಿತ್ತು.

ಆಮೇಲೊಂದು ದಿನ ತಡೆಯಲಾರದೆ ಸಾರ್ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹಳೆಯ ನಕ್ಷೆ ತರಿಸಿ, ಮಾರುಕಟ್ಟೆಯನ್ನು ಬೆರಳಿನಿಂದ ಒತ್ತಿ, "ಇದನ್ನ ಹೀಗೆ ಅಡ್ಡಕ್ಕೆ ತಿರುಗಿಸಿದ್ರೆ ಆಗ್ತಿತ್ತು ನಂಜಪ್ಪ. ಒಂದು ಬೆಳಗಿನ ಕೆಲಸ" ಅಂದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ಬಡಾವಣೆ ತುಂಬಿತ್ತು. ಶೆಡ್ಡುಗಳಲ್ಲಿ ಲೇತ್ ತಿರುಗುತ್ತಿದ್ದವು, ಮಧ್ಯಾಹ್ನದ ಊಟಕ್ಕೆ ಗಂಡಸರು ನಡೆದೇ ಮನೆಗೆ ಬರುತ್ತಿದ್ದರು, ಎಮ್ಮೆಗಳು ತಮ್ಮ ಓಣಿಯಲ್ಲೇ ಕೆರೆಗೆ ಹೋಗುತ್ತಿದ್ದವು. ಬೇರೆ ಸಂಘದವರು ನೋಡಲು ಬರುತ್ತಿದ್ದರು. ಹಾಗೆ ಬಂದವರಿಗೆ ಒಂದು ದಿನ ಬಡಾವಣೆ ತೋರಿಸುತ್ತ ಹೊಸ ಎಂಜಿನಿಯರ್ ಜೊತೆ ಹೊರಟಿದ್ದೆ. ಮಾರುಕಟ್ಟೆಯ ಗೋಡೆಯುದ್ದಕ್ಕೂ, ಫುಟ್‌ಪಾತಿನ ಮಗ್ಗುಲ ಮಣ್ಣಿನಲ್ಲಿ ಕನಕಾಂಬರದ ಗಿಡಗಳು. ಅಕ್ಕ ಕುಕ್ಕುರುಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು.

"ಯಾರಮ್ಮ ಇಲ್ಲಿ ಗಿಡ ಹಾಕೋಕೆ ಹೇಳಿದ್ದು? ನಂಜಪ್ಪ, ಯಾರ್ರೀ ಇವರು?" ಅಂದರು ಎಂಜಿನಿಯರ್.

ಅಕ್ಕ ಎದ್ದು ನಿಂತಳು. ಕೈಯ ಮಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. ಅಷ್ಟು ವರ್ಷಗಳ ಮೇಲೂ ಮಾತು ನನಗೇ ಬಿಟ್ಟಿದ್ದಳು.

"ನಮ್ಮಕ್ಕ ಸಾರ್" ಅಂದೆ. "ಈ ಮಾರ್ಕೆಟ್ ನಿಂತಿರೋದು ಇವಳ ತೋಟದ ಮೇಲೆ. ಅವತ್ತು ಹೇಳಬೇಕಾಗಿತ್ತು, ಹೇಳಲಿಲ್ಲ."

ಎಂಜಿನಿಯರ್ ಬಂದಿದ್ದವರನ್ನು ಶೆಡ್ಡುಗಳ ಕಡೆ ಕರೆದುಕೊಂಡು ಹೋದರು. ಆದರೆ ಫುಟ್‌ಪಾತಿನ ಗಿಡ ಉಳಿಯುವಂತಿರಲಿಲ್ಲ, ಅದು ನನಗೂ ಗೊತ್ತಿತ್ತು. ಬಡಾವಣೆಯ ಅಂಚಿನಲ್ಲಿ ಹೈಟೆನ್ಷನ್ ತಂತಿ ಹಾದುಹೋಗುವ ಉದ್ದನೆಯ ಪಟ್ಟಿಯೊಂದಿತ್ತು. ಅದರಡಿ ಮನೆ ಕಟ್ಟುವಂತಿಲ್ಲ, ಮರ ಬೆಳೆಸುವಂತಿಲ್ಲ. ಮೊಳಕಾಲೆತ್ತರದ ಗಿಡಕ್ಕೆ ಯಾವ ಅಡ್ಡಿ? ಸಂಘದ ಸಭೆಯಲ್ಲಿ ಎದ್ದು ನಿಂತು, ಮೊದಲು ಅವಳು ನನ್ನ ಅಕ್ಕ ಎಂದೆ, ಆಮೇಲೆ ಜಾಗ ಕೇಳಿದೆ. ಹೂವು ಬೆಳೆಯಬಲ್ಲ ಇನ್ನೂ ನಾಲ್ಕು ಮನೆಯವರಿಗೂ ಸೇರಿಸಿ ಕೊಡುವುದಾದರೆ ಆಗಲಿ ಅಂದರು. ಹಾಗೇ ಕೊಟ್ಟರು.

ಆಮೇಲೆ ಚಿಕ್ಕಬಾಣಾವರದ ಕಡೆಯ ಯೋಜನೆಗೂ ನನ್ನನ್ನು ಕರೆದರು. ಅಲ್ಲಿ ನಾನು ಕಟ್ಟೆಯ ಮಾತೊಂದನ್ನೇ ನಂಬಲಿಲ್ಲ. ಮನೆ ಬಾಗಿಲಿಗೆ ಹೋಗಿ ಕೂತು, "ಬೆಳಗೆದ್ದು ಏನ್ ಮಾಡ್ತೀರಮ್ಮ?" ಎಂದು ಕೇಳುತ್ತಿದ್ದೆ. ಯಾರೂ ತಕರಾರು ಹೇಳದ ಜಾಗಕ್ಕೇ ಮೊದಲು ಹೋಗುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ ಪಾಠ ಅದೊಂದೇ, ಅದರ ಬೆಲೆ ತೆತ್ತವಳು ಅಕ್ಕ.

ತಂತಿಯ ಕೆಳಗಿನ ಮೊದಲ ಹೂವು ಬಿಟ್ಟಾಗ ನೋಡಲು ಹೋಗಿದ್ದೆ. ಇಳಿಬಿಸಿಲಿನಲ್ಲಿ ಪಟ್ಟಿ ಪೂರ್ತಿ ಕೆಂಪಗಿತ್ತು. ಅಕ್ಕ ತಲೆಯೆತ್ತಿ ನೋಡಿ, "ಸುಮ್ಕೆ ಯಾಕ್ ನಿಂತ್ಯಲಾ ಮೂಗಪ್ಪ? ಬಿಂದ್ಗೆ ತಗಂಡ್ ಬಾ" ಅಂದಳು.

ಕೊನೆಯವರೆಗೂ ಆ ಹೆಸರು ಬಿಡಲಿಲ್ಲ. ನೀರು ತರುವುದನ್ನು ನಾನೂ ತಪ್ಪಿಸಲಿಲ್ಲ.