ಹಿಂದಕ್ಕೆ ಬಂದ ಲಾರಿ

ಆ ರೆಕ್ಸಿನ್ ಚೀಲದ ಜಿಪ್ಪು ತುಕ್ಕು ಹಿಡಿದಿತ್ತು. ಎಳೆದೆಳೆದು ಬೆರಳು ನೋವಾದ ಮೇಲೆ ಬಾಯಿ ಬಿಟ್ಟಿತು. ಒಳಗಿನಿಂದ ಮೊದಲು ಬಂದದ್ದು ಅರಗಿನ ವಾಸನೆ. ಚನ್ನಪಟ್ಟಣದಲ್ಲಿ ಹುಟ್ಟಿದವಳಿಗೆ ಈ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ನಮ್ಮ ಅಬ್ಬಾಜಾನ್ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಏಳುತ್ತಿದ್ದ ವಾಸನೆ ಅದು. ನನ್ನ ಸ್ಕೂಲ್ ಯೂನಿಫಾರ್ಮಿಗೂ ಟಿಫನ್ ಡಬ್ಬಿಗೂ ಅಂಟಿಕೊಂಡಿರುತ್ತಿತ್ತು. ಆದರೆ ಆ ಹೊತ್ತಿಗೆ ನೆನಪಾದದ್ದು ಅಬ್ಬಾಜಾನ್ ಅಲ್ಲ, ನಮ್ಮ ಸರ್.

ಚೀಲ ಸರ್ ಅವರದ್ದೇ. ವಕೀಲರು ಕೊರಳಿಗೆ ಕಟ್ಟುವ, ಗಂಜಿ ಹಾಕಿ ಮಡಿಸಿಟ್ಟ ಎರಡು ಬಿಳೀ ಬ್ಯಾಂಡು, ಕನ್ನಡಕದ ಡಬ್ಬಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಮರದ ಲಾರಿ. ಹಳದಿ ಮೂತಿ, ಕೆಂಪು ಬೆನ್ನು. ಒಂದು ಚಕ್ರ ಮಾತ್ರ ಹಸಿರು. ಕಳೆದುಹೋದ ಚಕ್ರದ ಬದಲಿಗೆ ಎಲ್ಲಿಂದಲೋ ತಂದು ಸಿಕ್ಕಿಸಿದ್ದು. ಮಾಗಡಿಯ ಅವರ ಮನೆಯಲ್ಲಿ, ಹನ್ನೊಂದನೇ ದಿನದ ತಿಥಿ ಊಟ ಮುಗಿದ ಮೇಲೆ, ಅವರ ಹೆಂಡತಿ ಈ ಚೀಲವನ್ನು ನನ್ನ ಕೈಗಿಟ್ಟು, “ಇದನ್ನ ನಿಂಗೇ ಕೊಡ್ಬೇಕು ಅಂತ ಹೇಳಿದ್ರು ಕಣಮ್ಮ” ಎಂದಿದ್ದರು. ತಂದು ಬೀರುವಿನ ಮೇಲೆ ಇಟ್ಟವಳು ಬಿಚ್ಚಲು ಎರಡು ತಿಂಗಳು ತೆಗೆದುಕೊಂಡೆ. ಏನಿದೆ ಅಂತ ಗೊತ್ತಿದ್ದುದಕ್ಕೇ.

ಹದಿಮೂರು ವರ್ಷದ ಹಿಂದಿನ ಮಾತು. ಪರೀಕ್ಷೆ ಪಾಸಾಗಿ ಸಹಾಯಕ ಸರ್ಕಾರಿ ಅಭಿಯೋಜಕಿ ಅಂತ ಆಯ್ಕೆಯಾಗಿದ್ದೆ. ಅಂದರೆ ಪೊಲೀಸರು ಹಾಕಿದ ಕೇಸನ್ನು ಕೋರ್ಟಿನಲ್ಲಿ ಸರ್ಕಾರದ ಪರವಾಗಿ ನಡೆಸುವ ವಕೀಲೆ. ತರಬೇತಿಗೆ ನನ್ನನ್ನು ಕನಕಪುರದ ಕೋರ್ಟಿನಲ್ಲಿ ಅಭಿಯೋಜಕರಾಗಿದ್ದ ಸರ್ ಕೈಕೆಳಗೆ ಹಾಕಿದರು. ನಮ್ಮ ಬೀದಿಯಲ್ಲಿ ಕಪ್ಪು ಕೋಟು ಹಾಕಿದ ಮೊದಲ ಹುಡುಗಿ ನಾನೇ. ಆ ಕೋಟಿನ ಜೊತೆ ತಲೆಗೂ ಏನೋ ಏರಿತ್ತು ಅನ್ನಿ. ಕಾನೂನಿನ ಕಲಮುಗಳು ಬಾಯಲ್ಲಿ ಪಟಪಟ ಉದುರುತ್ತಿದ್ದವು. ಸರ್ ಕೇಳಿಸಿಕೊಂಡು, “ಆಯ್ತು ತಾಯಿ, ಕಾಫಿ ಕುಡಿ” ಎನ್ನುತ್ತಿದ್ದರು.

ಅವರು ಕುಳ್ಳಗಿದ್ದರು, ಮಾತು ಕಡಿಮೆ. ಅವರದ್ದೊಂದು ಪದ್ಧತಿಯಿತ್ತು. ಸಾಕ್ಷಿ ಬಂದರೆ ಮೊದಲು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, “ನಡೆದದ್ದು ನಡೆದಂಗೆ ಹೇಳಪ್ಪ” ಎನ್ನುವರು. ಅಲ್ಲಿಯವರೆಗೆ ಕಡತ ಬಿಚ್ಚುವಂತಿಲ್ಲ. ಅಪಘಾತದ ಕೇಸಾದರೆ ಚೀಲದಿಂದ ಈ ಲಾರಿ ಹೊರಗೆ ಬರುತ್ತಿತ್ತು. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಬರೆದು, ಸಾಕ್ಷಿಯ ಕೈಗೆ ಲಾರಿ ಕೊಟ್ಟು, “ಎಲ್ಲಿಂದ ಬಂತು, ಎಲ್ಲಿಗೋಯ್ತು, ತೋರ್ಸು” ಎಂದು ಸುಮ್ಮನಾಗುವರು. ಮಾತಿನಲ್ಲಿ ತಡವರಿಸುವ ಮುದುಕರೂ ಲಾರಿ ಕೈಗೆ ಬಂದರೆ ಎಲ್ಲವನ್ನೂ ಕಂಡಂತೆ ತೋರಿಸುತ್ತಿದ್ದರು. ಆಮೇಲೆ ಪೊಲೀಸರು ಬರೆದ ಹೇಳಿಕೆ ತೆಗೆದು ಎರಡನ್ನೂ ತಾಳೆ ನೋಡುವರು. ತಾಳೆಯಾಗದಿದ್ದರೆ ಅದನ್ನೇ ನ್ಯಾಯಾಧೀಶರ ಮುಂದೆ ಹೇಳಿ ಸರಿಮಾಡಿಸುವರೇ ಹೊರತು, ಸಾಕ್ಷಿಯ ಬಾಯಿಗೆ ಒಂದು ಮಾತು ತುರುಕಿದವರಲ್ಲ.

ನನಗೆ ಆ ಲಾರಿ ಕಂಡರೆ ಮೈ ಉರಿಯುತ್ತಿತ್ತು. ಬೊಂಬೆ ಕಡೆಯುವವನ ಮಗಳು ಓದಿ ಓದಿ ಕೊನೆಗೆ ಕೋರ್ಟಿನ ಕಾರಿಡಾರಿನಲ್ಲೂ ಬೊಂಬೆ ಆಡಬೇಕೇ? ಹೋಗಿಬರುವ ವಕೀಲರು, “ಏನ್ ಮೇಡಂ, ಊರಿಂದ ತಂದ್ರಾ?” ಎಂದು ನಗುತ್ತಿದ್ದರು. ಆ ನಗುವಿಗೆ ನಾನು ಒಳಗೊಳಗೇ ಕುಗ್ಗುತ್ತಿದ್ದೆ. ಇದನ್ನು ಸರ್ ಹತ್ತಿರ ಹೇಳುವ ಧೈರ್ಯ ಇರಲಿಲ್ಲ.

ಆ ಕೇಸು ಬಂದದ್ದು ಅದೇ ದಿನಗಳಲ್ಲಿ. ದೊಡ್ಡಆಲಹಳ್ಳಿ ಕಡೆಯ ಒಂದು ಹಳ್ಳಿ. ಮನೆ ಕಟ್ಟುವವರಿಗೆ ಜಲ್ಲಿ ತಂದ ಟಿಪ್ಪರ್ ಲಾರಿ, ಓಣಿಯಲ್ಲಿ ಆಡುತ್ತಿದ್ದ ಮೂರು ವರ್ಷದ ಮಗುವಿನ ಮೇಲೆ ಹರಿದಿತ್ತು. ಮಗು ಉಳಿಯಲಿಲ್ಲ. ನೋಡಿದ್ದವಳು ತಾಯಿಯೊಬ್ಬಳೇ. ಕೂಲಿಯವರು ನೋಡಿಲ್ಲ ಅಂತ ಆಗಲೇ ಜಾರಿಕೊಂಡಿದ್ದರು. ಕಡತ ಓದಿಡುವ ಕೆಲಸವನ್ನು ಸರ್ ನನಗೇ ವಹಿಸಿದ್ದರು. ಆ ಬೆಳಿಗ್ಗೆ ಅವರಿಗೆ ಪಕ್ಕದ ಕೋರ್ಟಿನ ಜವಾಬ್ದಾರಿಯೂ ಬಿದ್ದು, ಓಡುವ ಮೊದಲು ಚೀಲವನ್ನು ನನ್ನ ಕೈಗಿಟ್ಟರು. “ಮೊದ್ಲು ಅವಳು ಹೇಳ್ಲಿ. ಲಾರಿ ಕೊಡು. ಫೈಲು ಆಮೇಲೆ.”

ಆ ತಾಯಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನಾನು ಏನೂ ಕೇಳುವ ಮೊದಲೇ ಹೇಳಿದಳು: “ನಲ್ಲಿ ತಾವ ಮಾತಾಡ್ಕಂಡು ನಿಂತಿದ್ಲು, ಮಗೀನ ನೋಡ್ಕಳಿಲ್ಲ ಅಂತಾರೆ ಕಣವ್ವ ಎಲ್ರೂವೆ. ನಮ್ಮತ್ತೆ, ನಮ್ಮ ಯಜಮಾನ್ರು, ಎಲ್ರೂವೆ. ದುಡ್ಡು ಬ್ಯಾಡ, ಏನೂ ಬ್ಯಾಡ. ತಪ್ಪು ಇವಳ್ದಲ್ಲ, ಗಾಡಿಯವನ್ದು ಅಂತ ಕೋರ್ಟು ಒಂದ್ ಮಾತು ಹೇಳ್ಬುಟ್ರೆ ಸಾಕು.”

ಒಂದು ಮಾತು. ಅಷ್ಟೇ ಆಕೆ ಕೇಳಿದ್ದು.

ಕಾರಿಡಾರು ತುಂಬಾ ಜನ. ಲಾರಿ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಎದುರಿಗೆ, ಯಾವಾಗಲೂ ನಗುತ್ತಿದ್ದ ಆ ವಕೀಲರ ಗುಂಪು ನಿಂತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಕಡತ ಬಿಚ್ಚಿದೆ. ಪೊಲೀಸರ ಹೇಳಿಕೆಯಲ್ಲಿ ಎಲ್ಲ ಅಪಘಾತದ ಕೇಸಿನಲ್ಲೂ ಇರುವ ಅದೇ ಸಾಲು: ಚಾಲಕನು ಲಾರಿಯನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು... ಓದಿ ಹೇಳಿದೆ. “ಹಿಂಗೇ ಹೇಳಿ. ಅತಿವೇಗ ಅನ್ನೋದನ್ನ ಮರೀಬೇಡಿ.” ಆಕೆ ಏನೋ ಹೇಳಲು ಬಾಯಿ ತೆರೆದಳು. “ಒಸಿ ತಡೀರವ್ವಾ, ಆ ಗಾಡಿ...” ಎಂದಳು. ನಾನು ತಡೆಯಲಿಲ್ಲ. ನಾಲ್ಕು ಸಲ ಹೇಳಿಸಿದೆ. ಐದನೇ ಸಲಕ್ಕೆ ಪಾಠ ಒಪ್ಪಿಸುವ ಮಗುವಿನಂತೆ ಒಪ್ಪಿಸಿದಳು. ನನಗೋ ಖುಷಿ!

ಸರ್ ಓಡುತ್ತ ಬಂದರು. ಕೇಸು ಕೂಗಿ ಆಗಿತ್ತು. “ಲಾರಿ ಕೊಟ್ಟು ನೋಡ್ದೇನಮ್ಮಾ?”

“ಹೂಂ ಸರ್” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಹೂಂ. ಇವತ್ತಿಗೂ ಅದೇ ನನ್ನನ್ನು ಸುಡುವುದು. ಅವರು ನಂಬಿದರು, ನಂಬದೆ ಇರಲು ನಾನು ಕಾರಣವನ್ನೇ ಕೊಟ್ಟಿರಲಿಲ್ಲ.

ಸರ್ ಕೇಳಿದ್ದಕ್ಕೆ ಕಟಕಟೆಯಲ್ಲಿ ಆಕೆ ಚೆನ್ನಾಗಿಯೇ ಒಪ್ಪಿಸಿದಳು. ಆಮೇಲೆ ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ವಯಸ್ಸಾದವರು, ಮಾತು ಬೆಣ್ಣೆ. ಸ್ಥಳದ ನಕ್ಷೆ ಹಿಡಿದು ಕೇಳಿದರು. ಓಣಿ ಕಿರಿದು, ಲಾರಿಯ ಮೂತಿ ದೊಡ್ಡ ರಸ್ತೆಯ ಕಡೆ, ಮಗು ಬಿದ್ದದ್ದು ಲಾರಿಯ ಹಿಂದೆ. “ಹಂಗಾದ್ರೆ ಗಾಡಿ ಎತ್ಲಾಗೆ ಹೋಯ್ತಿತ್ತಮ್ಮ?”

“ಹಿಂದಕ್ಕೆ ಬತ್ತಿತ್ತು ಸ್ವಾಮಿ.”

“ಹಿಂದಕ್ಕೆ, ಅತಿವೇಗವಾಗಿ?”

“ಇಲ್ಲ ಸ್ವಾಮಿ... ನಿಧಾನಕ್ಕೇ ಬತ್ತಿತ್ತು.”

“ಮತ್ತೆ ಅತಿವೇಗ ಅಂತ ಹೇಳೋಕೆ ಯಾರು ಹೇಳ್ಕೊಟ್ರು?”

ಆಕೆ ತಿರುಗಿ ನನ್ನನ್ನು ನೋಡಿದಳು. ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

ಸಾಕ್ಷಿಗೆ ಪಾಠ ಹೇಳಿದವರು ಯಾರು ಎಂದು ನ್ಯಾಯಾಧೀಶರು ಕೇಳಿದರು. ನಾನು ಏಳಬೇಕಿತ್ತು. ಎದ್ದವರು ಸರ್. “ಜವಾಬ್ದಾರಿ ನನ್ನದು ಸ್ವಾಮಿ” ಎಂದರು. ನಾನು ಕೂತೇ ಇದ್ದೆ.

ಅಪ್ಪಾ ದೇವರೇ, ಅಲ್ಲೇ ಇತ್ತಲ್ಲ ಕೇಸು! ಹಿಂದೆ ಯಾರನ್ನೂ ನಿಲ್ಲಿಸದೆ, ಮಕ್ಕಳಾಡುವ ಓಣಿಯಲ್ಲಿ ಲಾರಿಯನ್ನು ಹಿಂದಕ್ಕೆ ತಂದದ್ದೇ ಅಪರಾಧ. ವೇಗ ಯಾಕೆ ಬೇಕಿತ್ತು? ಆ ಮರದ ಲಾರಿಯನ್ನು ಕೈಗೆ ಕೊಟ್ಟಿದ್ದರೆ ಆಕೆ ಮೊದಲು ಮಾಡುತ್ತಿದ್ದುದೇ ಅದನ್ನು ಹಿಂದಕ್ಕೆ ತಳ್ಳುವುದು. ಸರ್ ಮತ್ತೆ ಎದ್ದು, ಲಾರಿಯ ಹಿಂದೆ ಯಾರಾದರೂ ನಿಂತಿದ್ದರೇ ಎಂದು ಕೇಳಿದರು. ಯಾರೂ ಇರಲಿಲ್ಲ ಎಂದಳು. ಆದರೆ ಹೇಳಿಕೊಟ್ಟ ಸಾಕ್ಷಿ ಅಂತ ಒಮ್ಮೆ ಆದ ಮೇಲೆ ನಿಜವನ್ನೂ ಯಾರು ನಂಬುತ್ತಾರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚಾಲಕ ಖುಲಾಸೆಯಾದ. ಅಭಿಯೋಜನೆಯವರೇ ಸಾಕ್ಷಿಗೆ ಪಾಠ ಹೇಳಿದಂತಿದೆ ಎಂಬ ಸಾಲು ತೀರ್ಪಿನಲ್ಲಿ ಸರ್ ಹೆಸರಿನ ಪಕ್ಕ ಕೂತಿತು. ಅವರ ಬಡ್ತಿಯ ಕಡತ ಮೇಲಕ್ಕೆ ಹೋದಾಗಲೆಲ್ಲ ಆ ಸಾಲೂ ಹೋಯಿತು. ಅದೇ ಹುದ್ದೆಯಲ್ಲಿ ನಿವೃತ್ತರಾದರು.

ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ತೀರ್ಪಿನ ದಿನ ಸಂಜೆ ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದು ಬಂದರು. ನಾನು ಅಳುತ್ತಿದ್ದೆ. “ಇನ್ಮೇಲೆ ಕೇಳಿಸ್ಕೋ ತಾಯಿ” ಎಂದರು, ಅಷ್ಟೇ. ರಾಮನಗರದ ಬಸ್ಸು ಬಂತು, ಹತ್ತಿದೆ... ಅವರು ಕಿಟಕಿಯ ಹತ್ತಿರ ನಿಂತು ಇನ್ನೇನೋ ಹೇಳಿದರು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಇನ್ನು ಆ ತಿಥಿಯ ದಿನದ ಮಾತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹೆಂಗಸನ್ನು ಒಂದೇ ನೋಟಕ್ಕೆ ಗುರುತು ಹಿಡಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿತ್ತು. ಆಕೆಗೆ ನನ್ನ ಗುರುತು ಸಿಗಲಿಲ್ಲ. ಅಂದು ಕಡ್ಡಿಯಂತಿದ್ದ ಹುಡುಗಿ ಇಂದು ಕನ್ನಡಕದ ದಪ್ಪ ಹೆಂಗಸು.

“ನೀವೂ ಸಾಯೇಬ್ರ ಕಡೆಯೋರಾ?” ಎಂದು ಆಕೆಯೇ ಮಾತು ತೆಗೆದಳು. ಹೂಂ ಎಂದೆ. “ದೊಡ್ಡ ಮನ್ಸರು ಕಣವ್ವ. ಕೇಸು ಬಿದ್ದೋದ್ ಮ್ಯಾಲೆ ಒಬ್ರೇ ಬಸ್ನಲ್ಲಿ ನಮ್ಮೂರ್ಗೆ ಬಂದ್ರು. ಜಗುಲಿ ಮ್ಯಾಲೆ ಸೀಮೇಸುಣ್ಣದಾಗೆ ನಮ್ಮೋಣಿ ಬರದು, ಒಂದು ಆಟದ ಲಾರಿ ತಗದು, ನಮ್ಮತ್ತೆ ಮಾವನ್ನ, ಯಜಮಾನ್ರನ್ನ ಕೂರ್ಸಿ ನನ್ ಕೈಲಿ ಎಲ್ಲಾ ತೋರ್ಸುದ್ರು. ಈ ಹೆಣ್ಮಗಳ್ದು ತಪ್ಪಿಲ್ಲ, ಕೋರ್ಟಲ್ಲಿ ಸೋತಿದ್ದು ನನ್ನಿಂದ ಅಂದ್ರು. ಅವತ್ತಿಂದ ನಮ್ಮತ್ತೆ ಆ ಮಾತ ಎತ್ನಿಲ್ಲ. ಎತ್ನಿಲ್ಲ ಅಷ್ಟೆಯಾ... ಕೋರ್ಟು ಹೇಳ್ದಂಗೆ ಆಗ್ತೈತಾ?”

ನನ್ನ ಎಲೆಯ ಮೇಲಿನ ಅನ್ನ ಹಾಗೇ ಇತ್ತು.

“ಅವತ್ತು ಒಂದ್ ಹುಡ್ಗಿ ನಂಗೆ ಹಂಗೇಳು ಅಂದಿತ್ತು. ಅದ್ರ ಮ್ಯಾಲೆ ಸಿಟ್ಟಿತ್ತು ನಂಗೆ. ಸಾಯೇಬ್ರೇ ಅಂದ್ರು, ಅದು ಚಿಕ್ಕ ಹುಡ್ಗಿ, ಹಂಗೇಳ್ಸು ಅಂತ ನಾನೇ ಹೇಳಿದ್ದೆ ಅಂತ. ಆಮ್ಯಾಕೆ ಸಿಟ್ಟು ಬುಟ್ಬುಟ್ಟೆ.”

ಸಾಕ್ಷಿಯ ಬಾಯಲ್ಲಿ ಜೀವಮಾನವಿಡೀ ಒಂದು ಸುಳ್ಳು ಆಡಿಸದ ಮನುಷ್ಯ ನನಗಾಗಿ ಒಂದು ಸುಳ್ಳು ಹೇಳಿದ್ದರು. ಅದು ಸುಳ್ಳು, ಆ ಹುಡುಗಿ ನಾನೇ ಎಂದು ಅಲ್ಲೇ ಹೇಳಬಹುದಿತ್ತು. ಆಕೆ ಕೈ ತೊಳೆದು, ಯಾರಿಂದಲೋ ನನ್ನ ವಿಷಯ ಕೇಳಿಕೊಂಡು ಬಂದು ನನ್ನ ಕೈ ಹಿಡಿದು, “ಅವ್ರ ಕೈಕೆಳಗೆ ಕಲ್ತ್ರಂತೆ. ಪುಣ್ಯ ಮಾಡಿದ್ರಿ ಬುಡಿ” ಎಂದಳು. ಆಗಲೂ ನಾನು ಹೂಂ ಎಂದೆ.

ಈಗ ನಾನು ಅದೇ ಕನಕಪುರದ ಕೋರ್ಟಿನಲ್ಲಿದ್ದೇನೆ. ಮೊನ್ನೆ ಒಂದು ಅಪಘಾತದ ಕೇಸಿಗೆ ಬಂದ ಅಜ್ಜನ ಕೈಗೆ ಲಾರಿ ಕೊಟ್ಟೆ. ಕಾರಿಡಾರಿನಲ್ಲಿ ಯಾರೋ ನಕ್ಕರು, ನಗಲಿ. ಅಜ್ಜ ಹಸಿರು ಚಕ್ರವನ್ನು ಒಮ್ಮೆ ಮುಟ್ಟಿ ನೋಡಿ, ಬೆಂಚಿನ ಮೇಲಿನ ರಸ್ತೆಯಲ್ಲಿ ಲಾರಿ ನಡೆಸಿದ. ನನ್ನ ಕೈ ಮುಚ್ಚಿದ ಕಡತದ ಮೇಲಿತ್ತು. ಕಲಿತದ್ದನ್ನು ತೋರಿಸೋಣ ಎಂದರೆ ಸರ್ ಇಲ್ಲ. ಕ್ಷಮಿಸಿ ಸರ್, ತಪ್ಪು ನನ್ನದು ಎಂದು ಅವರು ಬದುಕಿದ್ದಾಗ ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ ಎಂಬ ಸಂಕಟ ಊಟದಲ್ಲೂ ಬರುತ್ತದೆ, ನಮಾಜಿನಲ್ಲೂ ಬರುತ್ತದೆ.

ಆ ಹಳ್ಳಿಗೆ ಇಲ್ಲಿಂದ ನೇರ ಬಸ್ಸಿದೆ. ಮೂರು ಸಲ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೇನೆ. ಮೂರು ಸಲವೂ ಬಸ್ಸು ಹೊರಟಿದೆ, ನಾನು ವಾಪಸ್ಸು ಬಂದಿದ್ದೇನೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ನಡೆದದ್ದು ನಡೆದಂಗೆ ಹೇಳಿ ಅಂತ ದಿನಾ ನಾಲ್ಕು ಜನಕ್ಕೆ ಹೇಳುತ್ತೇನೆ. ಆ ಜಗುಲಿಯ ಮೇಲೆ ಕೂತು ನಾನು ಹೇಳಬೇಕಾದದ್ದು ಮಾತ್ರ ಇನ್ನೂ ಬಾಕಿ ಇದೆ.