ಗೀರದ ಬೆಂಕಿಕಡ್ಡಿ

ಹುರಿದ ಕೊತ್ತಂಬರಿಯ, ಕಾದ ತೆಂಗಿನೆಣ್ಣೆಯ, ಕಾವಲಿಯಲ್ಲಿ ಚುಯ್ಯೆನ್ನುವ ನೀರುದೋಸೆಯ ಪರಿಮಳವನ್ನು ನೀವೂ ನಾನೂ ಎಷ್ಟು ಸಲ ಹೊಗಳಿದ್ದೇವೋ. ಅಡುಗೆಮನೆಯ ಗ್ಯಾಸಿನ ನಾತವನ್ನು ಮಾತ್ರ ಯಾರೂ ಹೊಗಳಿದ್ದಿಲ್ಲ. ಸ್ವತಃ ವಾಸನೆಯಿಲ್ಲದ ಆ ಅನಿಲಕ್ಕೆ, ಸೋರಿದರೆ ನಮಗೆ ತಿಳಿಯಲೆಂದೇ ಆ ನಾತವನ್ನು ಬೆರೆಸುತ್ತಾರಂತೆ. ಹಾಗೆ ಬೆರೆಸಿದ ಪುಣ್ಯಾತ್ಮರನ್ನು ನಾನು ನೆನೆಯುವಂತಾದದ್ದು ಲಾಯಿಲದಲ್ಲಿರುವ ನನ್ನಕ್ಕ ಶಶಿಕಲಾಳ ಮನೆಯಲ್ಲಿ ಕಳೆದ ಒಂದು ಬೆಳಗಿನಿಂದ.

ಮೂಡುಬಿದಿರೆಯಿಂದ ಹೋದವಳು ಹಿಂದಿನ ರಾತ್ರಿ ಅಲ್ಲೇ ಉಳಿದಿದ್ದೆ. ಅಕ್ಕ ಹಲ್ಲಿ ಕಂಡರೂ ಬೆಚ್ಚುವ ಪುಕ್ಕಲಿ. ಅವಳ ಅತ್ತೆಯೋ, ಮನೆಯಲ್ಲಿ ತಮ್ಮದೇ ಕೊನೆಯ ಮಾತಾಗಬೇಕೆನ್ನುವ ಹಿರಿಯಾಕೆ. ಒಲೆಯಿನ್ನೂ ಹೊತ್ತಿರಲಿಲ್ಲ. ಹೂ ಕೊಯ್ದು ಒಳಬಂದ ಅಕ್ಕ ಬಾಗಿಲಲ್ಲೇ ಥಟ್ಟನೆ ನಿಂತಳು. ಒಳಗಿದ್ದ ನಮ್ಮಿಬ್ಬರ ಮೂಗಿಗೆ ಆ ನಾತ ಮೆಲ್ಲಮೆಲ್ಲನೆ ಒಗ್ಗಿಹೋಗಿತ್ತು. ಅಡುಗೆಮನೆಗೆ ತಾಗಿದ ದೇವರ ಕೋಣೆಯಲ್ಲಿ ಅತ್ತೆ ದೀಪ ಹಚ್ಚಲು ಕುಳಿತು, ಬೆಂಕಿಪೊಟ್ಟಣದಿಂದ ಕಡ್ಡಿಯನ್ನು ತೆಗೆದಾಗಿತ್ತು.

“ಅತ್ತೆ, ಗೀರಬೇಡಿ! ಗ್ಯಾಸ್ ಲೀಕ್ ಆಗ್ತಾ ಉಂಟು!”

ಅಕ್ಕ ಅವರಿಗೆ ಆಜ್ಞೆ ಮಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆ ಏನು, ಯಾಕೆ ಎನ್ನಲಿಲ್ಲ. ಕಡ್ಡಿಯನ್ನು ಪೊಟ್ಟಣದೊಳಗಿಟ್ಟು ಎದ್ದರು. ಗಾಳಿಯಾಡಲೆಂದು ನಾನು ಫ್ಯಾನಿನ ಸ್ವಿಚ್ಚಿನತ್ತ ಕೈ ಚಾಚಿದೆ.

“ಸ್ವಿಚ್ ಮುಟ್ಟಬೇಡ ಮಾರಾಯ್ತಿ, ಒಂದು ಕಿಡಿ ಸಾಕು! ಅತ್ತೆಯನ್ನು ಕರ್ಕೊಂಡು ಹೊರಗೆ ಹೋಗು.”

ನಾವು ಅಂಗಳ ದಾಟುವಷ್ಟರಲ್ಲಿ ಅಕ್ಕ ಉಸಿರು ಬಿಗಿಹಿಡಿದು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಹಿಂಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಹೊರಬಂದಳು. ಮೊಬೈಲನ್ನು ಒಳಗೆ ಬಳಸದೆ, ರಸ್ತೆಗೆ ಬಂದ ಮೇಲೆಯೇ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದಳು. ಬಂದ ಮೆಕ್ಯಾನಿಕ್, ಒಲೆಯ ಹಿಂದೆ ಬಿರುಕುಬಿಟ್ಟಿದ್ದ ರಬ್ಬರ್ ಟ್ಯೂಬನ್ನು ಬದಲಾಯಿಸಿ, ಜೋಡಣೆಗೆ ಸಾಬೂನುನೀರು ಸವರಿ, ಗುಳ್ಳೆ ಏಳದ್ದನ್ನು ನಮಗೂ ತೋರಿಸಿ, “ಇನ್ನು ಹೆದರಿಕೆ ಇಲ್ಲ” ಎಂದ.

ಕೂಗಿದವಳ ಸ್ಥೈರ್ಯ ದೊಡ್ಡದೋ, ಜೀವಮಾನವಿಡೀ ಹೇಳಿಯೇ ಅಭ್ಯಾಸವಾಗಿದ್ದೂ ಆ ಒಂದು ಕ್ಷಣ ಕೇಳಿದವರ ವಿವೇಕ ದೊಡ್ಡದೋ, ಗೆಳೆಯರೇ, ನಾನಿನ್ನೂ ನಿರ್ಧರಿಸಲಾರೆ.

“ಎಂತ ಆಯ್ತು?” ಎನ್ನುತ್ತ, ಮೆಕ್ಯಾನಿಕ್ ಹೊರಡುವುದನ್ನು ಕಂಡ ಪಕ್ಕದ ಮನೆಯಾಕೆ ಓಡಿಬಂದರು.

“ಎಂತದೂ ಆಗ್ಲಿಲ್ಲ,” ಎಂದರು ಅತ್ತೆ. “ಮನೆಯಲ್ಲಿ ನನ್ನ ಸೊಸೆ ಇದ್ದಳು.”

ಆಗ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅತ್ತೆ ಅವಳಿಗೆ ಒತ್ತಿ ಕುಳಿತು, ರೆಗ್ಯುಲೇಟರ್ ಬಂದ್ ಮಾಡಿದ ಆ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.